ಕಾರ್ಬನ್ ಸೈಕಲ್‌ನ ಸೀಟ್ ಪೋಸ್ಟ್ ಜಾಮ್ ಆದರೆ: ಗ್ಯಾಸೂ ಬೇಡ, ಸುತ್ತಿಗೆಯೂ ಬೇಡ, ಎರಡು ದಿನ ಬೇಕು

ವಿಜಯಪುರ, ಬಾಗಲಕೋಟೆ, ಚಂದರಗಿ ಕಡೆ ಹಿರಿಯ ಸವಾರ ಬಿಟ್ಟ ರೇಸ್ ಸೈಕಲ್ ಕಿರಿಯನ ಕೈಗೆ ಬರುವುದು ರೂಢಿ. ಹೊಸ ಸವಾರನ ಕಾಲು ನಾಲ್ಕು ಬೆರಳು ಗಿಡ್ಡ, ಸೀಟು ಇಳಿಸಬೇಕು. ಸೀಟು ಹೊತ್ತು ಫ್ರೇಮ್‌ನೊಳಗೆ ಇಳಿದ ಕೊಳವೆಯೇ ಸೀಟ್ ಪೋಸ್ಟ್, ಅದನ್ನು ಬಿಗಿದಿಡುವ ಉಂಗುರವೇ ಕಾಲರ್. ಕಾಲರ್‌ನ ಬೋಲ್ಟ್ ಸಡಿಲಿಸಿ ಸೀಟು ಒತ್ತಿದರೆ ಅಲುಗಾಟವೇ ಇಲ್ಲ. ‘ಸೀಟ್ ಜಾಮ್ ಆಗೇತ್ರಿ’ ಎಂದು ಸೈಕಲ್ ಅಂಗಡಿಗೆ ಬರುವುದು ಆಮೇಲೆ. ಎಷ್ಟೋ ಸಲ ಅಷ್ಟರಲ್ಲಿ ಯಾರೋ ಸುತ್ತಿಗೆ ಏಟು ಹಾಕಿ ಆಗಿರುತ್ತದೆ.

ಕಬ್ಬಿಣದ ಸೈಕಲ್‌ಗಾದರೆ ಗ್ಯಾಸ್ ಜ್ವಾಲೆ ಹಿಡಿದು, ಪೈಪ್ ಪಾನಾ ಹಾಕಿ ತಿರುವಿದರೆ ಕೆಲಸ ಮುಗಿಯುತ್ತದೆ. ಸೊಟ್ಟಗಾದರೆ ನೆಟ್ಟಗೆ ಮಾಡಬಹುದು, ಬಿರುಕು ಬಿಟ್ಟರೆ ಬೆಸುಗೆ ಹಾಕಬಹುದು. ಕಾರ್ಬನ್‌ಗೆ ಈ ಯಾವ ಸೌಲಭ್ಯವೂ ಇಲ್ಲ. ಅದು ಎಳೆಗಳನ್ನು ಎಪಾಕ್ಸಿ ರಾಳದಲ್ಲಿ ಹಿಡಿದಿಟ್ಟ ವಸ್ತು. ಬಾಗಿ ಮುನ್ಸೂಚನೆ ಕೊಡುವುದಿಲ್ಲ, ಒಳಗಿನ ಪದರ ಸೀಳಿದರೂ ಹೊರಗಿನ ಬಣ್ಣ ಹೊಳೆಯುತ್ತಲೇ ಇರುತ್ತದೆ.

ಯಾವುದು ಯಾವುದರೊಳಗೆ ಕೂತಿದೆ?

ಪಾನಾ ಮುಟ್ಟುವ ಮೊದಲು ಇದನ್ನು ತಿಳಿಯಿರಿ. ಮುಂದಿನ ಅರ್ಧ ಕೆಲಸ ಇದರ ಮೇಲೆಯೇ ನಿಂತಿದೆ.

ಅತಿ ಹೆಚ್ಚು ಕಾಟ ಕೊಡುವುದು ಕಾರ್ಬನ್ ಫ್ರೇಮ್‌ನೊಳಗಿನ ಅಲ್ಯೂಮಿನಿಯಂ ಪೋಸ್ಟ್. ಕಾರ್ಬನ್ ಎಳೆಯಲ್ಲಿ ವಿದ್ಯುತ್ ಹರಿಯುತ್ತದೆ. ಅಲ್ಯೂಮಿನಿಯಂ ಅದಕ್ಕೆ ತಾಗಿ, ನಡುವೆ ಬೆವರಿನ ಉಪ್ಪುನೀರು ಸೇರಿದರೆ ಒಂದು ಪುಟ್ಟ ಬ್ಯಾಟರಿಯೇ ತಯಾರಾಗುತ್ತದೆ. ಅದರಲ್ಲಿ ಸವೆಯುವುದು ಯಾವಾಗಲೂ ಅಲ್ಯೂಮಿನಿಯಂ. ಸವೆದು ಬರುವ ಬಿಳಿ ಪುಡಿ ಮೂಲ ಲೋಹಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಬೇರೆ ಜಾಗ ಇಲ್ಲದ್ದರಿಂದ ಬೆಣೆ ಹೊಡೆದಂತೆ ಪೋಸ್ಟನ್ನು ಬಿಗಿಯುತ್ತದೆ. ನಮ್ಮ ಬೇಸಿಗೆಯಲ್ಲಿ ಎರಡು ತಾಸು ಓಡಿಸಿದವರ ಅಂಗಿಯ ಮೇಲೆ ಬೀಳುವ ಬಿಳಿ ಉಪ್ಪಿನ ಗೆರೆ ನೋಡಿದರೆ, ಪೋಸ್ಟ್‌ಗೆ ಎಷ್ಟು ಇಳಿದಿರಬಹುದೆಂದು ಲೆಕ್ಕ ಸಿಗುತ್ತದೆ. ಮನೆಯೊಳಗೆ ಟ್ರೇನರ್ (ಸೈಕಲ್ ನಿಂತಲ್ಲೇ ತುಳಿಯುವ ಸ್ಟ್ಯಾಂಡ್) ಮೇಲೆ ತುಳಿಯುವವರ ಸೈಕಲ್‌ಗೆ ಇನ್ನೂ ಹೆಚ್ಚು. ಅಲ್ಲಿ ಬೆವರು ಒಣಗಿಸಲು ಎದುರುಗಾಳಿ ಇರುವುದಿಲ್ಲ.

ಅಲ್ಯೂಮಿನಿಯಂ ಫ್ರೇಮ್‌ನಲ್ಲಿ ಕಾರ್ಬನ್ ಪೋಸ್ಟ್ ಇದ್ದರೂ ಇದೇ ರಾಸಾಯನಿಕ ಕ್ರಿಯೆ. ಆದರೆ ಈಗ ಸವೆಯುವುದು ಫ್ರೇಮ್. ಕಾರ್ಬನ್‌ನಲ್ಲಿ ಕಾರ್ಬನ್ ಇದ್ದರೆ ಜಂಗಿನ ಮಾತೇ ಇಲ್ಲ. ಅಲ್ಲಿ ಹಿಡಿದಿರುವುದು ಧೂಳು, ಒಣಗಿದ ಪೇಸ್ಟ್, ಇಲ್ಲವೇ ಅತಿಯಾಗಿ ಬಿಗಿದ ಕಾಲರ್. ಸಾಮಾನ್ಯವಾಗಿ ಇದೇ ಸುಲಭದ ಪ್ರಕರಣ.

ಕೆಲವು ಹಳೆಯ ಕಾರ್ಬನ್ ಫ್ರೇಮ್‌ಗಳಲ್ಲಿ ಸೀಟ್ ಟ್ಯೂಬ್‌ನ (ಪೋಸ್ಟ್ ಇಳಿಯುವ ಫ್ರೇಮ್ ಕೊಳವೆಯ) ಒಳಗೆ ತೆಳು ಅಲ್ಯೂಮಿನಿಯಂ ತೋಳು, ಅಂದರೆ ಒಳಕೊಳವೆ, ಅಂಟಿಸಿರುತ್ತಾರೆ. ಟಾರ್ಚ್ ಹಾಕಿ ಬಾಯಂಚು ನೋಡಿ. ಬೆಳ್ಳಿ ಬಣ್ಣದ ಉಂಗುರ ಕಂಡರೆ ತಿರುವುವ ಬಲದಲ್ಲಿ ಜಿಪುಣತನ ಮಾಡಿ. ಪೋಸ್ಟ್ ಬಿಡುವ ಬದಲು ತೋಳಿನ ಅಂಟೇ ಬಿಡಬಹುದು.

ನಿಜಕ್ಕೂ ಜಾಮ್ ಆಗಿದೆಯೇ?

ನಗಬೇಡಿ, ಇದನ್ನು ನೋಡದೆ ಫ್ರೇಮ್ ಹಾಳು ಮಾಡಿಕೊಂಡವರಿದ್ದಾರೆ. ಬಾಟಲಿ ಕೇಜ್‌ನ ಬೋಲ್ಟ್ ಉದ್ದವಾಗಿದ್ದರೆ ಅದರ ತುದಿ ಒಳಗೆ ಪೋಸ್ಟ್‌ಗೇ ತಾಗಿ ಕೂತಿರುತ್ತದೆ. ಸೀಟ್ ಟ್ಯೂಬ್ ಮೇಲಿನ ಎರಡೂ ಬೋಲ್ಟ್ ಬಿಚ್ಚಿ. ಹೊರಗೆ ಕಾಲರ್ ಕಾಣದ ಫ್ರೇಮ್‌ಗಳಲ್ಲಿ ಒಳಗೊಂದು ಬೆಣೆ ಇರುತ್ತದೆ. ಅದರ ಬೋಲ್ಟನ್ನು ಮೂರ್ನಾಲ್ಕು ಸುತ್ತು ಸಡಿಲಿಸಿ, ಪೂರ್ತಿ ತೆಗೆಯದೆ, ಬೋಲ್ಟ್ ತಲೆಯ ಮೇಲೆ ಎಲ್-ಕೀ ಇಟ್ಟು ಹಗುರವಾಗಿ ತಟ್ಟಿದರೆ ಬೆಣೆ ಕೆಳಗೆ ಜಾರುತ್ತದೆ. ಹೀಗೆ ಬಿಡುವ ಪೋಸ್ಟ್‌ಗಳು ಕಡಿಮೆಯಲ್ಲ. ಎಲೆಕ್ಟ್ರಾನಿಕ್ ಗೇರ್ ಇದ್ದರೆ ಅದರ ಬ್ಯಾಟರಿ ಪೋಸ್ಟ್‌ನೊಳಗೇ ಇರಬಹುದು. ಹಾಗಿದ್ದಲ್ಲಿ ಕೆಳಗಿನಿಂದ ಎಣ್ಣೆ ಬಿಡುವಂತಿಲ್ಲ, ಸುತ್ತು ತಿರುವಿದರೆ ವೈರು ಹರಿಯುತ್ತದೆ.

ಬೇಕಾಗುವ ಸಾಮಾನು

4 ಮತ್ತು 5 ಎಂಎಂ ಎಲ್-ಕೀ, ಜಂಗು ಸಡಿಲಿಸುವ ಸ್ಪ್ರೇ, ಇನ್ಸುಲೇಷನ್ ಟೇಪ್, ಸೀಮೆಸುಣ್ಣ, ಅಡಿಯ ಸರಳು ಉಕ್ಕಿನದಾದ ಒಂದು ಹಳೆಯ ಸೀಟು, ಚಕ್ರದ ಹಳೆಯ ರಬ್ಬರ್ ಟ್ಯೂಬ್, ರಬ್ಬರ್ ಸುತ್ತಿಗೆ, ಐಸೊಪ್ರೊಪೈಲ್ ಆಲ್ಕೋಹಾಲ್, ಕಾರ್ಬನ್ ಪೇಸ್ಟ್, 5 ನ್ಯೂಟನ್ ಮೀಟರ್ ತೋರಿಸುವ ಟಾರ್ಕ್ ಪಾನಾ. ಸ್ಪ್ರೇ ಕೊಳ್ಳುವಾಗ ಜಾಮ್ ಆದ ಬೋಲ್ಟ್ ಸಡಿಲಿಸಲೆಂದೇ ಮಾಡಿದ್ದನ್ನು ಕೇಳಿ. ಮನೆಯಲ್ಲಿರುವ ಸಾದಾ ಡಬ್ಲ್ಯೂಡಿ 40ಗಿಂತ ಅದು ಸಂದಿಯೊಳಗೆ ಚೆನ್ನಾಗಿ ಇಳಿಯುತ್ತದೆ.

ಮೊದಲ ದಿನ: ನೆನೆಸುವುದು

ಸೀಟಿನ ಎತ್ತರ ಅಳೆದು ಬರೆದಿಡಿ, ಪೋಸ್ಟ್ ಮೇಲೆ ಟೇಪ್ ಸುತ್ತಿ ಗುರುತು ಮಾಡಿ. ಕಾಲರ್ ಬಿಚ್ಚಿ ಮೇಲಕ್ಕೆ ಸರಿಸಿ. ಸಂದಿಯ ಧೂಳನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಕೆರೆದು ತೆಗೆಯಿರಿ. ಇಲ್ಲವಾದರೆ ಎಣ್ಣೆ ಆ ಧೂಳನ್ನೇ ಒಳಗೆ ಒಯ್ಯುತ್ತದೆ. ಆಮೇಲೆ ಪೋಸ್ಟ್‌ನಿಂದ ಫ್ರೇಮ್ ಮೇಲೆ ಹಾಯುವಂತೆ ಸೀಮೆಸುಣ್ಣದಲ್ಲಿ ಒಂದು ತೆಳು ಗೆರೆ ಎಳೆಯಿರಿ. ನಾಳೆ ಕೂದಲೆಳೆಯಷ್ಟು ಸರಿದರೂ ಆ ಗೆರೆ ಹೇಳುತ್ತದೆ, ಕೈಗೆ ಗೊತ್ತಾಗುವುದಿಲ್ಲ.

ಡಿಸ್ಕ್ ಬ್ರೇಕ್ ಇದ್ದರೆ ರೋಟರ್‌ಗೆ (ಚಕ್ರದ ಲೋಹದ ತಟ್ಟೆಗೆ) ಪ್ಲಾಸ್ಟಿಕ್ ಕವರ್ ಕಟ್ಟಿ. ಅದರ ಮೇಲೆ ಒಂದು ಹನಿ ಎಣ್ಣೆ ಬಿದ್ದರೂ ಬ್ರೇಕ್ ಪ್ಯಾಡ್ ಹೋದಂತೆಯೇ. ಈಗ ಸಂದಿಗೆ ಸುತ್ತಲೂ ಸ್ಪ್ರೇ ಹೊಡೆಯಿರಿ. ಹತ್ತು ನಿಮಿಷ ಬಿಟ್ಟು ಸೈಕಲ್ ತಲೆಕೆಳಗು ಮಾಡಿ, ಬಾಟಲಿ ಬೋಲ್ಟ್‌ನ ತೂತಿನಿಂದ ಸ್ಪ್ರೇ ನಳಿಗೆ ತೂರಿಸಿ ಒಳಗೂ ಹೊಡೆಯಿರಿ. ಹೀಗೆ ಮಾಡಿದರೆ ಪೋಸ್ಟ್‌ನ ಕೆಳತುದಿಗೂ ಎಣ್ಣೆ ಮುಟ್ಟುತ್ತದೆ. ಆರು ತಾಸಿಗೊಮ್ಮೆ ಹೊಡೆಯುತ್ತ ಕನಿಷ್ಠ ಒಂದು ದಿನ ಬಿಡಿ, ಎರಡು ದಿನವಾದರೆ ಒಳ್ಳೆಯದು.

ಅಮೋನಿಯಾ, ಕಾಸ್ಟಿಕ್ ಸೋಡಾ ಹಾಕಿ ಎಂದು ಸಲಹೆ ಕೊಡುವವರಿದ್ದಾರೆ. ಕಾಸ್ಟಿಕ್ ಸೋಡಾ ಅಲ್ಯೂಮಿನಿಯಂ ಕರಗಿಸುವುದು ನಿಜ. ಅದಕ್ಕೆ ನಿಮ್ಮ ಪೋಸ್ಟ್ ಯಾವುದು, ಫ್ರೇಮ್‌ನ ಬಾಟಲಿ ಬೋಲ್ಟ್ ಕೂರುವ ಮರೆ (ಒಳಗೆ ಥ್ರೆಡ್ ಇರುವ ಲೋಹದ ತುಂಡು) ಯಾವುದು, ಪೆಡಲ್ ಅಚ್ಚು ಕೂರುವ ಬಾಟಮ್ ಬ್ರಾಕೆಟ್ ತೋಳು ಯಾವುದು ಎಂಬ ಭೇದವಿಲ್ಲ. ಜತೆಗೆ ಬಿಸಿಯೇರುತ್ತದೆ, ಹೈಡ್ರೋಜನ್ ಅನಿಲ ಹೊರಡುತ್ತದೆ, ಕಣ್ಣಿಗೆ ಸಿಡಿದರೆ ಕಣ್ಣೇ ಹೋಗುತ್ತದೆ.

ಎರಡನೇ ದಿನ: ತಂಪೋ ಬಿಸಿಯೋ?

ಅಲ್ಯೂಮಿನಿಯಂ ಬಿಸಿಗೆ ಹಿಗ್ಗುತ್ತದೆ, ಚಳಿಗೆ ಕುಗ್ಗುತ್ತದೆ. ಕಾರ್ಬನ್ ಎಳೆ ಹೆಚ್ಚುಕಡಿಮೆ ಇದ್ದಲ್ಲಿಯೇ ಇರುತ್ತದೆ. ಹಾಗಾಗಿ ಕಾರ್ಬನ್ ಫ್ರೇಮ್‌ನಲ್ಲಿ ಅಲ್ಯೂಮಿನಿಯಂ ಪೋಸ್ಟ್ ಇದ್ದರೆ ತಂಪು ಮಾಡಬೇಕು. ಅಲ್ಯೂಮಿನಿಯಂ ಫ್ರೇಮ್‌ನಲ್ಲಿ ಕಾರ್ಬನ್ ಪೋಸ್ಟ್ ಇದ್ದರೆ ಫ್ರೇಮ್ ಬಿಸಿ ಮಾಡಬೇಕು. ಇದನ್ನು ತಿರುವುಮುರುವು ಮಾಡಿದರೆ ಇನ್ನಷ್ಟು ಬಿಗಿಯುತ್ತದೆ.

ತಂಪಿಗೆ ಕುಲ್ಫಿಯವರ ಉಪಾಯವೇ ಸಾಕು. ಪುಡಿ ಮಾಡಿದ ಐಸ್ ಮೂರು ಪಾಲು, ಉಪ್ಪು ಒಂದು ಪಾಲು ಕಲಸಿದರೆ ಸೊನ್ನೆಗಿಂತ ಹದಿನೈದು ಡಿಗ್ರಿ ಕೆಳಗೆ ಇಳಿಯುತ್ತದೆ. ಅದನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಹಾಕಿ, ಹೊರಗೆ ಕಾಣುವ ಪೋಸ್ಟ್‌ಗೆ ಸುತ್ತಿ ಮೇಲೆ ಬಟ್ಟೆ ಬಿಗಿದು ಅರ್ಧ ತಾಸು ಬಿಡಿ. ಚೀಲ ಸೋರಬಾರದು. ಜಾಮ್ ಮಾಡಿದ್ದೇ ಉಪ್ಪುನೀರು, ಅದನ್ನೇ ಮತ್ತೆ ಸಂದಿಗೆ ಹುಯ್ಯುವುದಲ್ಲ. 27.2 ಎಂಎಂ ಪೋಸ್ಟ್ 35 ಡಿಗ್ರಿ ತಣಿದರೆ ಅಡ್ಡಳತೆಯಲ್ಲಿ ಕುಗ್ಗುವುದು ಸುಮಾರು 0.02 ಎಂಎಂ. ಕೇಳಲು ಏನೂ ಅಲ್ಲ ಎನ್ನಿಸುತ್ತದೆ. ಆದರೆ ಬಿಳಿ ಪುಡಿಯ ಹಿಡಿತ ಒಡೆದು ಎಣ್ಣೆ ಇನ್ನೊಂದಿಷ್ಟು ಕೆಳಗಿಳಿಯಲು ಅಷ್ಟು ಬಿರಿದರೂ ಆಯಿತು. ತಂಪು ಮಾಡಿ, ಎಣ್ಣೆ ಬಿಟ್ಟು, ಸಹಜ ಶಾಖಕ್ಕೆ ಬರಲು ಬಿಟ್ಟು, ಮತ್ತೆ ತಂಪು ಮಾಡಿ. ಮೂರು ಸುತ್ತು ಆಗಲಿ.

ಬಿಸಿ ಮಾಡುವುದಿದ್ದರೆ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಟವೆಲ್ ಅಥವಾ ಹೇರ್ ಡ್ರೈಯರ್ ಮಾತ್ರ. 60 ಡಿಗ್ರಿ ದಾಟಿಸಬೇಡಿ. ಎರಡು ಸೆಕೆಂಡ್ ಕೂಡ ಕೈ ಇಡಲಾಗದಿದ್ದರೆ ಅದು ಹೆಚ್ಚಾಯಿತು. ಹೀಟ್ ಗನ್, ಗ್ಯಾಸ್ ಹತ್ತಿರ ಬಂದರೆ ಒಳಗಿನ ಪೋಸ್ಟ್‌ನ ರಾಳ ಮೆತ್ತಗಾಗಿ ಪದರ ಬಿಡುತ್ತದೆ.

ತಿರುವುವುದು

ನೇರವಾಗಿ ಎಳೆಯುವ ಮೊದಲು ತಿರುವಬೇಕು. ಹಿಡಿತ ಒಡೆಯುವುದು ತಿರುವಿದಾಗ. ಸವಾರನ ಒಳ್ಳೆಯ ಸೀಟು ತೆಗೆದು ಹಳೆಯ ಉಕ್ಕಿನ ಸರಳಿನ ಸೀಟು ಹಾಕಿ, ಕಾರ್ಬನ್ ಸರಳು ಈ ಬಲಕ್ಕೆ ಮುರಿಯುತ್ತದೆ. ಒಬ್ಬರು ಮುಂದೆ ನಿಂತು, ಮುಂದಿನ ಚಕ್ರ ಕಾಲುಗಳ ನಡುವೆ ಹಿಡಿದು ಫ್ರೇಮ್ ಅಲುಗದಂತೆ ನೋಡಿಕೊಳ್ಳಲಿ. ಇನ್ನೊಬ್ಬರು ಸೀಟಿನ ಮೂತಿ ಒಂದು ಕೈಯಲ್ಲಿ, ಹಿಂಭಾಗ ಇನ್ನೊಂದು ಕೈಯಲ್ಲಿ ಹಿಡಿದು ಎಡಕ್ಕೆ, ಬಲಕ್ಕೆ ನಿಧಾನ ಒತ್ತಡ ಹಾಕಲಿ. ಜರ್ಕ್ ಕೊಡಬೇಡಿ. ಒಂದು ಕಡೆ ಹತ್ತು ಸೆಕೆಂಡ್ ಒತ್ತಿ ಹಿಡಿದು ಬಿಡಿ, ಆಮೇಲೆ ಇನ್ನೊಂದು ಕಡೆ. ಒಣಗಿದ ‘ಕಿರ್’ ಸದ್ದು ಬಂದು ಸೀಮೆಸುಣ್ಣದ ಗೆರೆ ತುಂಡಾದರೆ ಗೆದ್ದಿರಿ. ಆಗ ಕೂಡಲೇ ಎಳೆಯಬೇಡಿ. ಮತ್ತೆ ಎಣ್ಣೆ ಬಿಟ್ಟು, ಅತ್ತಿಂದಿತ್ತ ತಿರುವುತ್ತಲೇ ಮೇಲೆತ್ತಿ. ‘ಟಿಕ್’ ಎಂಬ ಚೂಪು ಸದ್ದು ಬಂದರೆ ಮಾತ್ರ ನಿಲ್ಲಿಸಿ. ಅದು ಕಾರ್ಬನ್ ಎಳೆ ಹರಿದ ಸದ್ದು ಇರಬಹುದು.

ಬರೀ ಕೈಗೆ ಬಗ್ಗದಿದ್ದರೆ ಬೆಂಚ್ ವೈಸ್. ಕಾರ್ಬನ್ ಪೋಸ್ಟನ್ನು ವೈಸ್‌ನ ಬಾಯಿಗೆ ನೇರ ಕೊಟ್ಟರೆ ತತ್ತಿಯ ಹಾಗೆ ಒಡೆಯುತ್ತದೆ. ಎರಡು ಇಂಚು ದಪ್ಪದ ಕಟ್ಟಿಗೆಯ ತುಂಡಿಗೆ ಪೋಸ್ಟ್‌ನ ಅಳತೆಯದೇ ತೂತು ಕೊರೆಸಿ, ತೂತಿನ ನಟ್ಟನಡುವೆ ಸೀಳಿಸಿ ಎರಡು ಹೋಳು ಮಾಡಿ. ಒಳಗೆ ಹಳೆಯ ಟ್ಯೂಬ್‌ನ ಪಟ್ಟಿ ಇಟ್ಟು, ನಡುವೆ ಪೋಸ್ಟ್ ಹಿಡಿದು ವೈಸ್ ಬಿಗಿಯಿರಿ. ಯಾವ ಬಡಗಿಯೂ ಹತ್ತು ನಿಮಿಷದಲ್ಲಿ ಮಾಡಿಕೊಡುವ ಕೆಲಸ. ಈಗ ಪೋಸ್ಟ್ ನಿಂತಿರುತ್ತದೆ, ತಲೆಕೆಳಗಾದ ಫ್ರೇಮನ್ನು ತಿರುವುವುದು. ಫ್ರೇಮ್ ಉದ್ದದ ಸನ್ನೆಗೋಲಾಗುವುದರಿಂದ ಬಲ ಬಹಳ ಬೀಳುತ್ತದೆ. ಒಬ್ಬರ ಎರಡು ಕೈಯ ಬಲ ಮೀರಬಾರದು.

ಏರೋ ಆಕಾರದ, ಅಂದರೆ ದುಂಡಗಿಲ್ಲದ ಪೋಸ್ಟ್‌ಗೆ ಈ ತಿರುವುವ ಉಪಾಯ ಹೊಂದುವುದಿಲ್ಲ. ಅದನ್ನು ತಿರುವಲು ಬಾರದು. ನೆನೆಸಿ, ತಂಪು-ಬಿಸಿ ನೋಡಿ, ಹಳೆಯ ಸೀಟಿನ ಅಡಿಯಿಂದ ರಬ್ಬರ್ ಸುತ್ತಿಗೆಯಲ್ಲಿ ಮೇಲ್ಮುಖವಾಗಿ ಸಣ್ಣ ಸಣ್ಣ ಏಟು ಹಾಕಿ. ಪೋಸ್ಟ್‌ನ ತಲೆ ಅಂಟಿಸಿದ್ದಾಗಿದ್ದರೆ ಅದೂ ಬೇಡ, ತಲೆಯೊಂದೇ ಕೈಗೆ ಬರುತ್ತದೆ.

ಯಾವುದಕ್ಕೂ ಬಗ್ಗದಿದ್ದರೆ

ಇಲ್ಲಿಂದ ಪೋಸ್ಟ್ ಬಲಿ ಕೊಟ್ಟು ಫ್ರೇಮ್ ಉಳಿಸುವ ದಾರಿ. ಅಲ್ಯೂಮಿನಿಯಂ ಪೋಸ್ಟನ್ನು ಫ್ರೇಮ್‌ಗಿಂತ ಎರಡು ಇಂಚು ಮೇಲೆ ಕತ್ತರಿಸಿ, ಹ್ಯಾಕ್ಸಾ ಬ್ಲೇಡ್‌ನ ಒಂದು ತುದಿಗೆ ಬಟ್ಟೆ ಸುತ್ತಿ, ಪೋಸ್ಟ್‌ನ ಒಳಗೋಡೆಯನ್ನು ಉದ್ದಕ್ಕೆ ಸೀಳಬೇಕು. ಬ್ಲೇಡ್‌ನ ಹಲ್ಲು ಎಳೆಯುವಾಗ ಕೊಯ್ಯುವಂತೆ ಹಿಡಿಯಿರಿ. ಪೋಸ್ಟ್ ಎಷ್ಟು ಆಳ ಇಳಿದಿದೆಯೋ ಅಷ್ಟಕ್ಕೆ ಬ್ಲೇಡ್ ಮೇಲೆ ಟೇಪ್ ಗುರುತು ಇರಲಿ. ನೋಡಬೇಕಾದದ್ದು ಪುಡಿಯ ಬಣ್ಣ. ಬೆಳ್ಳಿ ಬಣ್ಣ ಇರುವವರೆಗೆ ಕೊಯ್ಯಿರಿ, ಕಪ್ಪು ಬೆರೆತ ಕ್ಷಣ ನಿಲ್ಲಿಸಿ, ಅದು ಫ್ರೇಮ್. ಒಂದು ಸೀಳು ಸಾಲದಿದ್ದರೆ ಅರ್ಧ ಇಂಚು ಬಿಟ್ಟು ಇನ್ನೊಂದು ಹಾಕಿ, ನಡುವಿನ ಪಟ್ಟಿಯನ್ನು ಇಕ್ಕಳದಿಂದ ಒಳಕ್ಕೆ ಮಡಚಿ ಕಿತ್ತರೆ ಉಳಿದದ್ದು ಕುಸಿಯುತ್ತದೆ. ಅರ್ಧ ದಿನದ ಕೆಲಸ, ಕೈ ಬೊಬ್ಬೆ ಬರುತ್ತದೆ. ಎನ್95 ಮಾಸ್ಕ್ ಮತ್ತು ಕೈಗವಸು ಬೇಕೇಬೇಕು. ಕಾರ್ಬನ್ ಧೂಳು ಶ್ವಾಸಕ್ಕೆ ಒಳ್ಳೆಯದಲ್ಲ, ಎಳೆ ಚರ್ಮಕ್ಕೆ ಚುಚ್ಚಿದರೆ ಮುಳ್ಳಿಗಿಂತ ಕಷ್ಟ.

ಕಾರ್ಬನ್‌ನೊಳಗೆ ಕಾರ್ಬನ್ ಇದ್ದರೆ ಪುಡಿ ಆಗಲೂ ಕಪ್ಪು, ಈಗಲೂ ಕಪ್ಪು, ಸುಳಿವೇ ಸಿಗುವುದಿಲ್ಲ. ಅದಕ್ಕೆ ಬ್ಲೇಡ್ ಹಾಕಬೇಡಿ. ಪೋಸ್ಟನ್ನು ಒಳಗಿನಿಂದ ಬೋರ್ ಮಾಡಿಸುವುದೇ ದಾರಿ. ಬೆಳಗಾವಿಯ ಉದ್ಯಮಬಾಗ ಕೈಗಾರಿಕಾ ಪ್ರದೇಶದಂತಹ ಕಡೆ ಮೆಷಿನ್ ಶಾಪ್‌ಗಳಿಗೆ ಕೊರತೆಯಿಲ್ಲ. ಆದರೆ ಫ್ರೇಮನ್ನು ಹಿಸುಕದೆ ಹಿಡಿಯುವುದು ಹೇಗೆ ಎಂದು ಮೊದಲೇ ಕೇಳಿ. ಉತ್ತರ ಬರಲು ತಡವಾದರೆ ಸೈಕಲ್ ವಾಪಸ್ ತನ್ನಿ.

ಬೇರೆ ಭಾಗಗಳು

ಪೆಡಲ್: ಕಾರ್ಬನ್ ಕ್ರ್ಯಾಂಕ್‌ನಲ್ಲಿ ಅಂಟಿಸಿದ ಲೋಹದ ಮರೆಯೊಳಗೆ ಪೆಡಲ್ ಕೂತಿರುತ್ತದೆ. ಎಡ ಪೆಡಲ್‌ನದು ಉಲ್ಟಾ ಥ್ರೆಡ್. ಪಾನಾದ ಹಿಡಿ ಮೇಲೆ ಬರುವಂತೆ ಇಟ್ಟು ಹಿಂದಿನ ಚಕ್ರದ ಕಡೆ ಎಳೆದರೆ ಎರಡೂ ಬದಿ ಸಡಿಲವಾಗುತ್ತದೆ. ಪೆಡಲ್ ಜತೆ ಆ ಮರೆಯೂ ಸುತ್ತತೊಡಗಿದರೆ ಕ್ರ್ಯಾಂಕ್ ಕಥೆ ಮುಗಿಯಿತು.

ಫೋರ್ಕ್: ಸ್ಟೆಮ್ (ಹ್ಯಾಂಡಲ್ ಹಿಡಿದಿಡುವ ಭಾಗ) ತೆಗೆದರೂ ಫೋರ್ಕ್ ಇಳಿಯದಿದ್ದರೆ ಹಿಡಿದಿರುವುದು ಹೆಡ್‌ಸೆಟ್‌ನ (ಫೋರ್ಕ್ ತಿರುಗುವ ಬೇರಿಂಗ್‌ನ) ಸೀಳು ಉಂಗುರ. ಅದರ ಸೀಳಿಗೆ ಎಣ್ಣೆ ಬಿಟ್ಟು, ಸ್ಟೀರರ್ (ಫೋರ್ಕ್‌ನ ಮೇಲ್ಕೊಳವೆ) ಮೇಲೆ ಕಟ್ಟಿಗೆ ಇಟ್ಟು ರಬ್ಬರ್ ಸುತ್ತಿಗೆಯಿಂದ ತಟ್ಟಿ. ಕೆಳಗೆ ಒಬ್ಬರು ಫೋರ್ಕ್ ಹಿಡಿದಿರಲಿ.

ಮತ್ತೆ ಜೋಡಿಸುವಾಗ

ಪೋಸ್ಟ್ ಬಂದ ಮೇಲೆ ಎಣ್ಣೆಯ ಪಸೆ ಇರದಂತೆ ಆಲ್ಕೋಹಾಲ್‌ನಿಂದ ಒರೆಸಿ. ಲೋಹದ ಮೇಲಿನ ಬಿಳಿ ಪುಡಿಯನ್ನು 400 ನಂಬರ್ ಉಜ್ಜುಕಾಗದದಿಂದ ತೆಗೆಯಬಹುದು, ಕಾರ್ಬನ್ ಉಜ್ಜಬೇಡಿ. ಸೀಟ್ ಟ್ಯೂಬ್‌ನ ಸೀಳು ಕೊನೆಯಾಗುವ ಜಾಗಕ್ಕೆ ಟಾರ್ಚ್ ಹಿಡಿದು ನೋಡಿ, ಬಿರುಕು ಹುಟ್ಟುವುದು ಅಲ್ಲಿ. ನಾಣ್ಯದಿಂದ ಸುತ್ತಲೂ ತಟ್ಟುತ್ತ ಬನ್ನಿ. ಗಟ್ಟಿ ಜಾಗ ‘ಟಕ್ ಟಕ್’ ಎನ್ನುತ್ತದೆ, ಪದರ ಬಿಟ್ಟ ಜಾಗದ ಸದ್ದು ಮಂದ. ಅನುಮಾನ ಬಂದರೆ ಓಡಿಸಬೇಡಿ.

ಕಾರ್ಬನ್‌ಗೆ ಗ್ರೀಸ್ ಅಲ್ಲ, ಕಾರ್ಬನ್ ಪೇಸ್ಟ್. ಅದರೊಳಗಿನ ಸಣ್ಣ ಹರಳು ಕಡಿಮೆ ಬಿಗಿತದಲ್ಲೇ ಪೋಸ್ಟ್ ಹಿಡಿದಿಡುತ್ತವೆ. ಕಾಲರ್ ಮೇಲೆ ಬರೆದ ಅಂಕಿ ಮೀರಬೇಡಿ, ಸಾಮಾನ್ಯವಾಗಿ ಅದು 5 ನ್ಯೂಟನ್ ಮೀಟರ್. ಪೋಸ್ಟ್ ಮೇಲಿನ ಕನಿಷ್ಠ ಆಳದ ಗೆರೆ ಫ್ರೇಮ್‌ನೊಳಗೆ ಮುಳುಗಿರಬೇಕು. ಹಳೆಯ ಟ್ಯೂಬ್‌ನಿಂದ ಎರಡು ಇಂಚಿನ ಉಂಗುರ ಕತ್ತರಿಸಿ, ಪೋಸ್ಟ್ ಇಳಿಸುವ ಮೊದಲೇ ತೊಡಿಸಿ, ಬಿಗಿದ ಮೇಲೆ ಕಾಲರ್ ಮುಚ್ಚುವಂತೆ ಕೆಳಗೆಳೆಯಿರಿ. ಬೆವರು, ಮಳೆನೀರು ಅಲ್ಲಿಯೇ ನಿಲ್ಲುತ್ತದೆ. ಬೇಸಿಗೆಯಲ್ಲಿ ಎರಡು ತಿಂಗಳಿಗೊಮ್ಮೆ ಪೋಸ್ಟ್ ಹೊರತೆಗೆದು ಒರೆಸಿ ಹಾಕಿ, ಸೀಟಿನ ಅಡಿಗೆ ಅಂಟಿಸಿದ ಟೇಪ್ ಮೇಲೆ ತಾರೀಖು ಬರೆದಿಡಿ.