ಡಿ ಆನ್ಜಾದಲ್ಲಿ ಎರಡು ವರ್ಷ, ಆಮೇಲೆ ಡೇವಿಸ್

ಕ್ಯಾಲಿಫೋರ್ನಿಯಾದಲ್ಲಿ ಕಾಲೇಜು ಅಂದಕೂಡಲೇ ನಮ್ಮವರ ಬಾಯಲ್ಲಿ ಬರುವುದು ಸ್ಟ್ಯಾನ್‌ಫರ್ಡ್, ಬರ್ಕ್ಲಿ. ನಾವು ಮಗಳನ್ನು ಕ್ಯುಪರ್ಟಿನೊದ ಡಿ ಆನ್ಜಾ ಕಮ್ಯುನಿಟಿ ಕಾಲೇಜಿಗೆ ಸೇರಿಸಿದೆವು. ಇಂಥ ಸರ್ಕಾರಿ ಕಾಲೇಜಿನಲ್ಲಿ ಮೊದಲ ಎರಡು ವರ್ಷ ಓದಿ, ಆಮೇಲೆ ಪದವಿಗೆ ವಿಶ್ವವಿದ್ಯಾಲಯಕ್ಕೆ ವರ್ಗವಾಗಬಹುದು. "ಯಾಕ್ರೀ, ಗ್ರೇಡ್ ಕಮ್ಮಿ ಬಂತಾ?" ಅಂತ ಕೇಳಿದವರಿಗೆ ಲೆಕ್ಕ ಹೇಳುತ್ತಿದ್ದೆ. ರಾಜ್ಯದ ನಿವಾಸಿಗಳಿಗೆ ಅಲ್ಲಿ ಯೂನಿಟ್‌ಗೆ, ಅಂದರೆ ಒಂದು ಕ್ರೆಡಿಟ್‌ಗೆ, 31 ಡಾಲರ್. ಯುಸಿಗೆ (ರಾಜ್ಯದ ಸರ್ಕಾರಿ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾಕ್ಕೆ) ವರ್ಗವಾಗಲು ಬೇಕಾದ 90 ಯೂನಿಟ್ ಮುಗಿಸಿದರೆ 2,790 ಡಾಲರ್. ಪುಸ್ತಕ, ಪಾರ್ಕಿಂಗ್ ಬೇರೆ, ಊಟ ಮನೆಯದೇ. ಯುಸಿಯಲ್ಲಿ ಹಾಸ್ಟೆಲ್ ಸೇರಿ ಒಂದೇ ವರ್ಷಕ್ಕೆ 40 ಸಾವಿರ ದಾಟುತ್ತದೆ.

ಹಾಗಂತ ಕಂಡ ಕಂಡ ಕೋರ್ಸ್ ತಗೊಂಡರೆ ಕೆಲಸಕ್ಕೆ ಬಾರದು. ಅಸಿಸ್ಟ್ ಅನ್ನುವ ವೆಬ್‌ಸೈಟ್ ಇದೆ. ಎಡಗಡೆ ಯುಸಿ ಕೇಳುವ ಕೋರ್ಸ್, ಬಲಗಡೆ ಅದಕ್ಕೆ ಸಮನಾದ ಡಿ ಆನ್ಜಾದ ಕೋರ್ಸ್. ಮಗಳದು ಬಯಾಲಜಿ. ಆ ಹಾಳೆ ಪ್ರಿಂಟ್ ಮಾಡಿ ಫ್ರಿಜ್‌ಗೆ ಅಂಟಿಸಿದ್ದೆವು. ಬಲಗಡೆ ಖಾಲಿ ಇದ್ದರೆ ಆ ಕೋರ್ಸನ್ನು ಯುಸಿಗೆ ಹೋದ ಮೇಲೇ ಮಾಡಬೇಕು. ಕ್ಯಾಲ್ಕುಲಸ್, ಕೆಮಿಸ್ಟ್ರಿಯಂಥ ಸರಣಿಗಳನ್ನು ಅರ್ಧ ಇಲ್ಲಿ, ಅರ್ಧ ಇನ್ನೊಂದು ಕಾಲೇಜಿನಲ್ಲಿ ಓದುವ ಗೋಜಿಗೆ ಹೋಗಬೇಡಿ.

ಸೀಟಿನದು ಇನ್ನೊಂದು ಕಥೆ. ಹೊಸಬರಿಗೆ ರಿಜಿಸ್ಟ್ರೇಷನ್ ಸರದಿ ತಡವಾಗಿ ಬರುತ್ತದೆ, ಅಷ್ಟರಲ್ಲಿ ಕೆಮಿಸ್ಟ್ರಿ ಲ್ಯಾಬ್ ಭರ್ತಿ. ಮಗಳು ವೇಯ್ಟ್‌ಲಿಸ್ಟ್‌ನಲ್ಲಿದ್ದರೂ ಮೊದಲ ದಿನವೇ ಹೋಗಿ ಹಿಂದಿನ ಬೆಂಚಲ್ಲಿ ಕೂತಳು. ಬಾರದವರ ಹೆಸರು ಹೊಡೆದು ಮೇಷ್ಟ್ರು ಅವಳಿಗೆ ಆ ಕ್ಲಾಸಿಗೆ ಸೇರಿಕೊಳ್ಳಲು ಬೇಕಾದ ಆ್ಯಡ್ ಕೋಡ್ ಕೊಟ್ಟರು.

ಆರು ಯುಸಿ ಕ್ಯಾಂಪಸ್‌ಗಳಲ್ಲಿ ಕಮ್ಯುನಿಟಿ ಕಾಲೇಜಿನಿಂದ ಬರುವವರಿಗೆ ಟ್ಯಾಗ್ ಅನ್ನುವ ಪ್ರವೇಶ ಖಾತರಿ ಇದೆ. ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯೇಗೊದಲ್ಲಿ ಇಲ್ಲ. ಅರ್ಜಿ ಸೆಪ್ಟೆಂಬರ್‌ನಲ್ಲಿ, ಅದೂ ಒಂದೇ ಕ್ಯಾಂಪಸ್‌ಗೆ. ಕಂಪ್ಯೂಟರ್ ಸೈನ್ಸನ್ನು ಕೆಲವು ಕಡೆ ಖಾತರಿಯಿಂದ ಹೊರಗಿಟ್ಟಿದ್ದಾರೆ. ನಮ್ಮವರಿಗೆ ಬೇಕಾದದ್ದೇ ಅದು! ನಾವು ಡೇವಿಸ್‌ಗೆ ಹಾಕಿದೆವು, ಸಿಕ್ಕಿತು.

ನಮಗೆ ಗ್ರೀನ್ ಕಾರ್ಡ್ ಇದ್ದದ್ದರಿಂದ ಕೇಂದ್ರ ಸರ್ಕಾರದ (ಫೆಡರಲ್) ನೆರವಿಗೆ ಫಾಫ್ಸಾ ಅನ್ನುವ ಅರ್ಜಿ ತುಂಬಲು ಆಯಿತು. ಎಚ್-4 ವೀಸಾದಲ್ಲಿರುವ, ಅಂದರೆ ಎಚ್-1ಬಿ ಕೆಲಸದ ವೀಸಾದವರ ಮಕ್ಕಳಿಗೆ ಆ ನೆರವಿಲ್ಲ. ನಿವಾಸಿ ಫೀಸು ಅವರಿಗೂ ಸಿಗಬಹುದು, ಆದರೆ 21 ತುಂಬಿದರೆ ಎಚ್-4 ಮುಗಿಯುತ್ತದೆ. ಎಫ್-1 ಅನ್ನುವ ವಿದ್ಯಾರ್ಥಿ ವೀಸಾಕ್ಕೆ ಬದಲಾದರೆ ಫೀಸು ಏನಾಗುತ್ತದೆ ಅಂತ ಕಾಲೇಜಿನ ರೆಸಿಡೆನ್ಸಿ ಆಫೀಸಿನಲ್ಲಿ ಸೇರುವ ಮುಂಚೆಯೇ ಕೇಳಿ, ಉತ್ತರವನ್ನು ಇಮೇಲ್‌ನಲ್ಲಿ ತಗೊಳ್ಳಿ.