ಚಾಪರ್ ಬೈಕಿನ ಫೋರ್ಕ್ ಸೋರುತ್ತಿದೆಯಾ? ಸೀಲ್ ಒಂದನ್ನೇ ಬದಲಿಸಿ ಸುಮ್ಮನಾಗಬೇಡಿ

ಉದ್ದ ಫೋರ್ಕಿನ (ಮುಂದಿನ ಚಕ್ರ ಹಿಡಿದಿರುವ ಜೋಡಿ ಕಾಲು) ಚಾಪರ್ ಇಟ್ಟುಕೊಂಡವರಿಗೆ ಈ ತಲೆನೋವು ಇವತ್ತಲ್ಲ ನಾಳೆ ಬಂದೇ ಬರುತ್ತದೆ. ಫೋರ್ಕ್ ಪೈಪಿನ ಮೇಲೆ ಎಣ್ಣೆಯ ಉಂಗುರ ಮೂಡುತ್ತದೆ. ಅದಕ್ಕೆ ಧೂಳು ಮೆತ್ತಿ ಕಪ್ಪು ಪಟ್ಟಿಯಾಗುತ್ತದೆ. ಆಮೇಲೆ ಎಣ್ಣೆ ಇಳಿದು ಬ್ರೇಕ್ ಡಿಸ್ಕಿನವರೆಗೂ ಬರುತ್ತದೆ. ಗ್ಯಾರೇಜಿನಲ್ಲಿ ಹೊಸ ಆಯಿಲ್ ಸೀಲ್ ಹಾಕಿ ಕೊಡುತ್ತಾರೆ. ಸ್ವಲ್ಪ ದಿನಕ್ಕೆ ಮತ್ತೆ ಅದೇ ಕತೆ.

ತಪ್ಪು ಸೀಲಿನದಲ್ಲ, ಫೋರ್ಕಿನ ಓರೆಯದು. ಮಾಮೂಲಿ ಬೈಕಿನಲ್ಲಿ ಫೋರ್ಕ್ ಸುಮಾರು 25ರಿಂದ 28 ಡಿಗ್ರಿ ಓರೆಯಾಗಿರುತ್ತದೆ. ಚಾಪರ್‌ನಲ್ಲಿ 35, 40, ಕೆಲವು ಸಲ 45. ಮುಂದಿನ ಚಕ್ರದ ಮೇಲೆ ಬೀಳುವ ಭಾರದಲ್ಲಿ ಒಂದು ಪಾಲು ಸ್ಪ್ರಿಂಗನ್ನು ಒತ್ತುತ್ತದೆ, ಇನ್ನೊಂದು ಪಾಲು ಪೈಪನ್ನೇ ಬಗ್ಗಿಸಲು ನೋಡುತ್ತದೆ. ಓರೆ 27ರಿಂದ 40 ಡಿಗ್ರಿಗೆ ಹೋದರೆ, ಅದೇ ಭಾರಕ್ಕೆ ಬಗ್ಗಿಸುವ ಬಲ ಸುಮಾರು ಶೇ 40ರಷ್ಟು ಜಾಸ್ತಿಯಾಗುತ್ತದೆ. ಪೈಪ್ ಬೇರೆ ಉದ್ದ. ಈ ಒತ್ತಡವನ್ನೆಲ್ಲ ಒಳಗಿನ ಬುಷ್, ಅಂದರೆ ಪೈಪ್ ಜಾರುವಾಗ ಆಸರೆ ಕೊಡುವ ಬಳೆ, ತಿನ್ನಬೇಕು. ಬುಷ್ ಸವೆದರೆ ಪೈಪ್ ಅಲ್ಲಾಡುತ್ತದೆ, ಅಲ್ಲಾಡುವ ಪೈಪನ್ನು ಯಾವ ಸೀಲೂ ಹಿಡಿದಿಡುವುದಿಲ್ಲ. ಅದಕ್ಕೇ ಫೋರ್ಕ್ ಬಿಚ್ಚುವುದೇ ಆದರೆ ಸೀಲ್, ಬುಷ್, ಪೈಪ್ ಮೂರನ್ನೂ ನೋಡಿಯೇ ಮುಚ್ಚಬೇಕು.

ನಮ್ಮಲ್ಲಿ ಚಾಪರ್ ಅಂದರೆ ಬಹುತೇಕ ಬುಲೆಟ್ ಅಥವಾ ಥಂಡರ್‌ಬರ್ಡ್ ಮೇಲೆ ಕಟ್ಟಿದ್ದು. ಹಳೇ ಬುಲೆಟ್‌ನಲ್ಲಿ ಫೋರ್ಕ್ ಪೈಪಿನ ಮೇಲ್ತುದಿ ಹೆಡ್‌ಲೈಟ್ ಕೂರುವ ಲೋಹದ ಗೂಡಿಗೇ (ಕ್ಯಾಸ್ಕೆಟ್) ಥ್ರೆಡ್ ಆಗಿರುತ್ತದೆ, ಅದರ ಕ್ರಮ ಬೇರೆ. ಇಲ್ಲಿ ಹೇಳುತ್ತಿರುವುದು ಮೇಲೊಂದು ಕೆಳಗೊಂದು ಕ್ಲಾಂಪ್, ತುದಿಗೆ ಕ್ಯಾಪ್, ಬುಡದಲ್ಲಿ ಅಲೆನ್ ಬೋಲ್ಟ್ ಇರುವ ಟೆಲಿಸ್ಕೋಪಿಕ್ ಫೋರ್ಕಿಗೆ.

ಬಿಚ್ಚುವ ಮೊದಲು

ಮುಂದಿನ ಬ್ರೇಕ್ ಹಿಡಿದು ಬೈಕನ್ನು ಹಿಂದೆ ಮುಂದೆ ಅಲ್ಲಾಡಿಸಿ. ‘ಟಕ್’ ಅಂದರೆ ಅದು ಕೋನ್‌ಸೆಟ್ಟೋ (ಹ್ಯಾಂಡಲ್ ತಿರುಗುವ ಬೇರಿಂಗ್) ಬುಷ್ಷೋ ಅಂತ ಗೊತ್ತುಮಾಡಿಕೊಳ್ಳಬೇಕು. ಕೆಳಗಿನ ಕ್ಲಾಂಪ್ ಮತ್ತು ಫ್ರೇಮ್ ಸೇರುವ ಕಡೆ ಬೆರಳಿಟ್ಟಾಗ ಆಟ ಗೊತ್ತಾದರೆ ಕೋನ್‌ಸೆಟ್. ಸೀಲಿನ ಹತ್ತಿರ ಬೆರಳಿಟ್ಟಾಗ ಗೊತ್ತಾದರೆ ಬುಷ್.

ಪೈಪಿಗೆ ಉದ್ದನೆಯ ತುಂಡು ಸೇರಿಸಿದ್ದಾರಾ, ಇಡೀ ಪೈಪೇ ಉದ್ದದ್ದಾ ಅಂತಲೂ ನೋಡಿ. ತುಂಡು ಸೇರಿಸಿದ್ದರೆ ಜಾಯಿಂಟ್ ಎಲ್ಲಿದೆ ಅನ್ನುವುದು ಮುಖ್ಯ. ಪೈಪ್ ಅತಿ ಹೆಚ್ಚು ಬಗ್ಗುವ ಜಾಗ ಕೆಳಗಿನ ಕ್ಲಾಂಪಿನ ಹತ್ತಿರ. ಜಾಯಿಂಟ್ ಆ ಕ್ಲಾಂಪಿಗಿಂತ ಕೆಳಗಿದ್ದರೆ ರಿಪೇರಿ ಮಾಡುವ ಮಾತೇ ಬೇಡ. ಒಂದೇ ಪೈಪಿನ ಹೊಸ ಜೋಡಿ ಹಾಕಿಸಿ, ಅಲ್ಲಿಯವರೆಗೆ ಗಾಡಿ ರಸ್ತೆಗಿಳಿಸಬೇಡಿ. ಇದರಲ್ಲಿ ರಾಜಿ ಮಾಡಿಕೊಳ್ಳುವವರನ್ನು ಕಂಡರೆ ನನಗೆ ನಿಜಕ್ಕೂ ಭಯವಾಗುತ್ತದೆ.

ಇನ್ನೊಂದು ಮಾತು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರ ಕಂಪನಿ ಮೊದಲು ಕೊಟ್ಟಿದ್ದಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವ ಹಾಗಿಲ್ಲ. ಇದು ಇರುವ ಫೋರ್ಕನ್ನು ರಿಪೇರಿ ಮಾಡುವ ಲೇಖನ, ಇನ್ನಷ್ಟು ಉದ್ದ ಮಾಡುವುದಕ್ಕಲ್ಲ.

ಬಿಚ್ಚುವುದು

ಗಟ್ಟಿ ನೆಲದ ಮೇಲೆ ಎಂಜಿನ್ ಕೆಳಗಿನ ಫ್ರೇಮಿಗೆ ಜಾಕ್ ಕೊಟ್ಟು, ಹಿಂದಿನ ಚಕ್ರವನ್ನು ಪಟ್ಟಿಯಿಂದ ಬಿಗಿದು ಕಟ್ಟಿ. ಮುಂಭಾಗ ಕಳಚಿದರೆ ತೂಕ ಹಿಂದಕ್ಕೆ ಜಾರುತ್ತದೆ.

ಚಕ್ರ ಇನ್ನೂ ಇರುವಾಗಲೇ ಎರಡು ಕೆಲಸ ಮುಗಿಸಿ. ಮೇಲಿನ ಕ್ಲಾಂಪ್ ಬೋಲ್ಟ್ ಸಡಿಲಿಸಿ ಕ್ಯಾಪನ್ನು ಕಾಲು ಸುತ್ತು ತಿರುಗಿಸಿ. ಬುಡದ ಅಲೆನ್ ಬೋಲ್ಟನ್ನೂ ಸ್ವಲ್ಪ ಸಡಿಲ ಮಾಡಿ. ಸ್ಪ್ರಿಂಗ್ ಒತ್ತಿ ಹಿಡಿದಿರುವಾಗ ಇದು ಸುಲಭ. ಆಮೇಲೆ ಮಾಡಲು ಹೋದರೆ ಒಳಗಿನ ಡ್ಯಾಂಪರ್ ರಾಡ್ ಬೋಲ್ಟಿನ ಜೊತೆಗೇ ಸುತ್ತುತ್ತದೆ, ಗಂಟೆಗಟ್ಟಲೆ ಒದ್ದಾಡಬೇಕಾಗುತ್ತದೆ.

ಈಗ ಕ್ಯಾಲಿಪರ್ ಬಿಚ್ಚಿ ತಂತಿಯಲ್ಲಿ ತೂಗುಹಾಕಿ. ಹೋಸ್ ಮೇಲೆ ಅದರ ಭಾರ ಬೀಳಬಾರದು. ಪ್ಯಾಡ್‌ಗಳ ಮಧ್ಯೆ ಒಂದು ಮರದ ಚಕ್ಕೆ ಸಿಕ್ಕಿಸಿ. ಚಕ್ರ, ಮಡ್‌ಗಾರ್ಡ್ ತೆಗೆಯಿರಿ. ಮೇಲಿನ ಕ್ಲಾಂಪಿನಿಂದ ಪೈಪ್ ಎಷ್ಟು ಮಿಲಿಮೀಟರ್ ಹೊರಗಿದೆ ಅಂತ ಅಳೆದು ಬರೆದಿಟ್ಟುಕೊಂಡ ಮೇಲೆ ಕೆಳಗಿನ ಕ್ಲಾಂಪ್ ಸಡಿಲಿಸಿ, ತಿರುಚುತ್ತಾ ಕೆಳಕ್ಕೆ ಎಳೆಯಿರಿ.

ಕ್ಯಾಪಿನ ಕೊನೆಯ ಸುತ್ತುಗಳಲ್ಲಿ ಎಚ್ಚರ. ಒಳಗೆ ಸ್ಪ್ರಿಂಗ್ ಕಾಯುತ್ತಿರುತ್ತದೆ. ಮುಖ ದೂರವಿಟ್ಟು ಅಂಗೈಯಲ್ಲಿ ಒತ್ತಿ ಹಿಡಿದು ಬಿಚ್ಚಿ. ಸ್ಪ್ರಿಂಗ್ ಮೇಲೆ ಸ್ಪೇಸರ್ ಇದ್ದರೆ ಅದರ ಉದ್ದವನ್ನೂ ಬರೆದುಕೊಳ್ಳಿ. ಎಣ್ಣೆಯನ್ನು ತಟ್ಟೆಗೆ ಸುರಿದು ಬೆಳಕಿಗೆ ಹಿಡಿದು ನೋಡಿ. ಬೂದು ಬಣ್ಣಕ್ಕೆ ತಿರುಗಿ ಮಿನುಗುತ್ತಿದ್ದರೆ ಲೋಹ ಸವೆದಿದೆ. ಹಾಲಿನ ಹಾಗಿದ್ದರೆ ನೀರು ಸೇರಿದೆ.

ಅಲೆನ್ ಬೋಲ್ಟ್ ತೆಗೆದು, ಡಸ್ಟ್ ಸೀಲ್ ಎಬ್ಬಿಸಿ, ಸೀಲನ್ನು ಹಿಡಿದಿರುವ ತಂತಿ ಉಂಗುರ (ಸರ್ಕ್ಲಿಪ್) ತೆಗೆಯಿರಿ. ಸಾಮಾನ್ಯವಾಗಿ ಪೈಪನ್ನು ಎರಡು ಮೂರು ಸಲ ಜೋರಾಗಿ ಎಳೆದರೆ ಬುಷ್ಷಿನ ಜೊತೆ ಸೀಲೂ ಹೊರಬರುತ್ತದೆ. ಬರದಿದ್ದರೆ ಸ್ಕ್ರೂಡ್ರೈವರ್ ತುದಿಗೆ ಬಟ್ಟೆ ಸುತ್ತಿ ಎಬ್ಬಿಸಿ. ಬಾಟಮ್, ಅಂದರೆ ಪೈಪ್ ಒಳಗೆ ಓಡಾಡುವ ಕೆಳಗಿನ ಕೊಳವೆ, ಅಲ್ಯೂಮಿನಿಯಂನದು. ಅಂಚಿಗೆ ಗೀರು ಬಿದ್ದರೆ ಹೊಸ ಸೀಲೂ ಸೋರುತ್ತದೆ.

ಪೈಪ್ ನೋಡುವುದು

ಇಲ್ಲಿ ಆತುರ ಬೇಡ. ಪೈಪನ್ನು ಬನಿಯನ್ ವೇಸ್ಟಿನಿಂದ ಒರೆಸಿ, ಉಗುರನ್ನು ಮೇಲಿಂದ ಕೆಳಗೆ ನಿಧಾನಕ್ಕೆ ಎಳೆಯಿರಿ. ಉಗುರು ಸಿಕ್ಕಿಕೊಳ್ಳುವ ಪ್ರತಿ ಚುಕ್ಕೆಗೂ ಮಾರ್ಕರ್‌ನಲ್ಲಿ ಗುರುತು ಹಾಕಿ. ಸೀಲ್ ಓಡಾಡುವ ಜಾಗದಲ್ಲಿ ಸಣ್ಣ ಚುಕ್ಕೆಗಳಿದ್ದರೆ 1500 ಅಥವಾ 2000 ನಂಬರಿನ ವಾಟರ್ ಪೇಪರ್‌ನಲ್ಲಿ, ಎಣ್ಣೆ ಹಚ್ಚಿ, ಚೂಪಾದ ಅಂಚು ಹೋಗುವಷ್ಟು ಮಾತ್ರ ಉಜ್ಜಿ. ತುಕ್ಕಿನ ಗುಳಿ ಆಳಕ್ಕಿದ್ದರೆ ಇದು ಸಾಲದು, ಹಾರ್ಡ್ ಕ್ರೋಮ್ ಮಾಡಿಸಬೇಕು.

ಇಲ್ಲೇ ಜನ ಮೋಸ ಹೋಗುವುದು. ಸೈಲೆನ್ಸರಿಗೆ, ಹ್ಯಾಂಡಲಿಗೆ ಹಾಕುವ ಹೊಳೆಯುವ ಕ್ರೋಮ್ ಬೇರೆ, ಹಾರ್ಡ್ ಕ್ರೋಮ್ ಬೇರೆ. ಮೊದಲನೆಯದು ನಿಕಲ್ ಮೇಲಿನ ತೆಳು ಪದರ, ನೋಟಕ್ಕಷ್ಟೇ. ಫೋರ್ಕಿಗೆ ಬೇಕಾದ್ದು ದಪ್ಪ ಪದರ ಕೂರಿಸಿ, ಗ್ರೈಂಡಿಂಗ್ ಮಾಡಿ, ಮೂಲ ಅಳತೆಗೆ ತಂದದ್ದು. ಬೆಂಗಳೂರಿನವರಿಗೆ ಈ ಕೆಲಸಕ್ಕೆ ಪೀಣ್ಯ, ಬಿಡಿಭಾಗಕ್ಕೆ ಜೆ.ಸಿ. ರಸ್ತೆ. ಕೊಡುವಾಗಲೇ ‘ಗ್ರೈಂಡ್ ಮಾಡಿ ಸೈಜಿಗೆ ತನ್ನಿ’ ಅಂತ ಅಳತೆ ಬರೆದುಕೊಡಿ.

ಬೆಂಡ್ ನೋಡಲು ಪೈಪನ್ನು ಎರಡು ವಿ-ಬ್ಲಾಕ್ (V ಆಕಾರದ ಕಚ್ಚಿರುವ ಆಸರೆ) ಮೇಲಿಟ್ಟು, ಮಧ್ಯಕ್ಕೆ ಡಯಲ್ ಗೇಜ್ (ಸಣ್ಣ ಏರಿಳಿತ ತೋರಿಸುವ ಮುಳ್ಳಿನ ಅಳತೆ ಸಾಧನ) ಕೊಟ್ಟು ತಿರುಗಿಸಿ. ಗೇಜಿನ ಮುಳ್ಳು ಓಡುವುದರ ಅರ್ಧ ನಿಜವಾದ ಬೆಂಡ್. ಹಲವು ಕಂಪನಿಗಳ ಮ್ಯಾನುಯಲ್‌ನಲ್ಲಿ ಮಿತಿ 0.2 ಮಿ.ಮೀ. ಅಷ್ಟೇ ಇರುತ್ತದೆ. ಗೇಜ್ ಇಲ್ಲದಿದ್ದರೆ ದಪ್ಪ ಗಾಜಿನ ಮೇಲೆ ಉರುಳಿಸಿ, ಕೆಳಗಿಂದ ಬೆಳಕು ಇಣುಕುತ್ತಾ ನೋಡಿ. ಮಾಮೂಲಿ ಫೋರ್ಕಿನ ಬೆಂಡ್ ತೆಗೆಸಿ ಓಡಿಸುವವರು ಇದ್ದಾರೆ. ಚಾಪರ್ ಪೈಪಿಗೆ ಅದು ಬೇಡ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಒಮ್ಮೆ ಬಗ್ಗಿದ ಜಾಗವೇ ಮತ್ತೆ ಬಗ್ಗುತ್ತದೆ.

ಬುಷ್ಷಿನ ಮೇಲೆ ಬೂದು ಬಣ್ಣದ ಟೆಫ್ಲಾನ್ ಲೇಪ ಇರುತ್ತದೆ. ಮುಕ್ಕಾಲು ಭಾಗ ಲೇಪ ಹೋಗಿ ತಾಮ್ರದ ಬಣ್ಣ ಕಂಡರೆ ಬದಲಿಸಿ ಅಂತ ಮ್ಯಾನುಯಲ್‌ಗಳು ಹೇಳುತ್ತವೆ. ಚಾಪರ್‌ನಲ್ಲಿ ಸುತ್ತ ಸಮವಾಗಿ ಸವೆಯುವುದಿಲ್ಲ, ಮುಂದೆ ಮತ್ತು ಹಿಂದೆ ಮಾತ್ರ ತಿಂದಿರುತ್ತದೆ. ಹಾಗೆ ಕಂಡರೆ ಮುಕ್ಕಾಲು ಆಗಲಿ ಅಂತ ಕಾಯಬೇಡಿ.

ಜೋಡಿಸುವುದು

ಪೈಪಿನ ತುದಿಗೆ ತೆಳು ಪ್ಲಾಸ್ಟಿಕ್ ಕವರ್ ಹಾಕಿ, ಎಣ್ಣೆ ಸವರಿ, ಸೀಲ್ ಇಳಿಸಿ. ಅಕ್ಷರ ಇರುವ ಮುಖ ಮೇಲೆ. ಅಳತೆಗೆ ಸರಿಹೊಂದುವ ಪಿವಿಸಿ ಪೈಪಿನಿಂದ, ಹಳೇ ಸೀಲನ್ನು ಮೇಲಿಟ್ಟು, ಸಮವಾಗಿ ತಟ್ಟಿ. ಸರ್ಕ್ಲಿಪ್ ತನ್ನ ಗ್ರೂವ್‌ನಲ್ಲಿ ಪೂರ್ತಿ ಕೂರುವವರೆಗೂ ಬಿಡಬೇಡಿ. ಬುಡದ ಬೋಲ್ಟಿಗೆ ಹೊಸ ತಾಮ್ರದ ವಾಷರ್ ಬೇಕು.

ಎಣ್ಣೆಯ ಲೆಕ್ಕ ಚಾಪರ್‌ಗೆ ಬೇರೆ. ಪೈಪಿನ ಒಳ ವ್ಯಾಸ 36 ಮಿ.ಮೀ. ಇದ್ದರೆ, 100 ಮಿ.ಮೀ. ಉದ್ದ ಮಾಡಿದ್ದಕ್ಕೆ ಸುಮಾರು 100 ಮಿಲಿ ಖಾಲಿ ಜಾಗ ಹೆಚ್ಚುತ್ತದೆ. ಅಷ್ಟು ಗಾಳಿ ಹೆಚ್ಚಾದರೆ ಫೋರ್ಕ್ ಗುಂಡಿಯಲ್ಲಿ ತಳ ಹೊಡೆಯುತ್ತದೆ. ಹಾಗಂತ ಪೂರ್ತಿ 100 ಮಿಲಿ ಒಂದೇ ಸಲ ಸುರಿದರೆ ಒತ್ತಡ ಏರಿ ಸೀಲ್ ಹಾರಬಹುದು. ಮೊದಲು ಮ್ಯಾನುಯಲ್ ಹೇಳಿದಷ್ಟೇ ಹಾಕಿ. ನಿಧಾನಕ್ಕೆ ಪಂಪ್ ಮಾಡಿ ಒಳಗಿನ ಗಾಳಿ ಬಿಡಿಸಿ. ಓಡಿಸಿ ನೋಡಿದ ಮೇಲೆ ತಳ ಹೊಡೆದರೆ 10 ಮಿಲಿಯಂತೆ ಎರಡೂ ಕಡೆಗೆ ಸಮವಾಗಿ ಸೇರಿಸುತ್ತಾ ಹೋಗಿ.

ಪೈಪ್‌ಗಳನ್ನು ಬರೆದಿಟ್ಟ ಅಳತೆಗೆ ಏರಿಸಿ, ಮೊದಲು ಕೆಳಗಿನ ಕ್ಲಾಂಪ್, ಆಮೇಲೆ ಕ್ಯಾಪ್, ಕೊನೆಗೆ ಮೇಲಿನ ಕ್ಲಾಂಪ್ ಬಿಗಿ ಮಾಡಿ. ಎರಡೂ ಪೈಪಿನ ಮೇಲೆ ಅಡ್ಡಲಾಗಿ ಗಾಜಿನ ತುಂಡು ಇಡಿ. ಗಾಜು ಅಲುಗಿದರೆ ಕ್ಲಾಂಪ್ ತಿರುಚಿದೆ ಅಂತ. ಚಕ್ರ ಹಾಕಿ ಆಕ್ಸಲ್ ನಟ್ ಬಿಗಿಯಿರಿ, ಆದರೆ ಆಕ್ಸಲ್ ಹಿಡಿಯುವ ಪಿಂಚ್ ಬೋಲ್ಟ್ ಸಡಿಲವಾಗಿಯೇ ಇರಲಿ. ಕ್ಯಾಲಿಪರ್ ಕೂರಿಸಿ, ಬ್ರೇಕ್ ಲಿವರ್ ಗಟ್ಟಿಯಾಗುವವರೆಗೆ ಒತ್ತಿ. ಜಾಕ್ ಇಳಿಸಿ, ಬ್ರೇಕ್ ಹಿಡಿದು ಮುಂಭಾಗವನ್ನು ನಾಲ್ಕೈದು ಸಲ ಅದುಮಿ, ಆಮೇಲೆ ಪಿಂಚ್ ಬೋಲ್ಟ್ ಬಿಗಿಯಿರಿ. ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿದಾಗ ಹೋಸ್, ಕೇಬಲ್ ಎಲ್ಲೂ ಎಳೆಯಬಾರದು.

ಖಾಲಿ ಮೈದಾನದಲ್ಲಿ ನಿಧಾನಕ್ಕೆ ಓಡಿಸಿ ಬ್ರೇಕ್ ನೋಡಿ. 50 ಕಿ.ಮೀ. ಆದಮೇಲೆ ಬೋಲ್ಟ್‌ಗಳನ್ನೆಲ್ಲ ಮತ್ತೊಮ್ಮೆ ಬಿಗಿ ನೋಡಿ, ಎರಡೂ ಪೈಪಿಗೆ ಬಿಳಿ ಬಟ್ಟೆ ಸವರಿ. ತೆಳುವಾದ ಜಿಡ್ಡು ಅಂಟಿದರೆ ಪರವಾಗಿಲ್ಲ, ಹೊಸ ಸೀಲ್ ಕೂರಲು ಅಷ್ಟು ಬೇಕು. ಒಂದೇ ಕಡೆ ಮತ್ತೆ ಉಂಗುರ ಮೂಡಿದರೆ ಇನ್ನೊಂದು ಸೀಲ್ ತರಲು ಓಡಬೇಡಿ, ಆ ಕಡೆಯ ಕ್ಲಾಂಪ್ ಮತ್ತು ಆಕ್ಸಲ್ ನೇರ ಇದೆಯಾ ನೋಡಿ.