ಕ್ಯೂರಿಂಗ್ ಕಚೇರಿಯ ಮಕರ: ಒಂದು ಪ್ರೇಮಕಥೆ ಬರೆದ ಅನುಭವ

ಅಮಾನುಷ ಮೇಲಧಿಕಾರಿಯನ್ನು ಪ್ರೀತಿಸುವ ಗುಮಾಸ್ತೆಯ ಕಥೆ ಬರೆಯಲು ಕುಳಿತಾಗ ನನ್ನನ್ನು ಕಾಡಿದ್ದು ಅವನ ಕೋರೆಹಲ್ಲಿಗಿಂತ ಅವನ ಕುರ್ಚಿ. ಸಂಬಳ, ರಜೆ, ಬಡ್ತಿ ಎಲ್ಲವೂ ಅವನ ಸಹಿಯಲ್ಲಿರುವಾಗ ಅವಳ ಒಪ್ಪಿಗೆಗೆ ಏನು ಬೆಲೆ? ಓದುಗರು ರಾಕ್ಷಸನನ್ನು ನಂಬುತ್ತಾರೆ. ಬೇಡ ಎನ್ನಲಾಗದವಳ ಪ್ರೀತಿಯನ್ನು ನಂಬುವುದಿಲ್ಲ, ನಂಬಲೂಬಾರದು.

ಕಥೆ ನಡೆಯುವುದು ಚಿಕ್ಕಮಗಳೂರಿನಲ್ಲಿ, ಕಾಫಿಯ ಸಿಪ್ಪೆ ಸುಲಿದು ಬೀಜ ವಿಂಗಡಿಸುವ ಒಂದು ಕ್ಯೂರಿಂಗ್ ವರ್ಕ್ಸ್‌ನಲ್ಲಿ. ಚೌಡಿ, ಭೂತಪ್ಪ ನಮಗೆ ಹತ್ತಿರದವರೇ. ಆದರೆ ಮಲೆನಾಡಿನಲ್ಲಿ ಇಂದಿಗೂ ಪೂಜೆ ಪಡೆಯುವವರನ್ನು ಪ್ರಣಯಕ್ಕೆ ಎಳೆಯಲು ಮನಸ್ಸು ಬರಲಿಲ್ಲ. ಹಳೇಬೀಡಿಗೆ ಹೋಗಿ ಹೊಯ್ಸಳೇಶ್ವರ ದೇಗುಲದ ಹೊರಗೋಡೆಯ ಪಟ್ಟಿಕೆಗಳನ್ನು ನೋಡುತ್ತಾ ನಡೆದೆ. ತಳದಲ್ಲಿ ಆನೆಗಳ ಸಾಲು, ಮೇಲೆ ಹಂಸಗಳ ಬಳಿ ಮಕರಗಳು: ಮೊಸಳೆಯ ಬಾಯಿ, ಆನೆಯ ಸೊಂಡಿಲು, ನವಿಲಿನ ಬಾಲ. ನನ್ನ ನಾಯಕ ಅಲ್ಲೇ ಸಿಕ್ಕ. ಅವನ ಸ್ವಭಾವವನ್ನು ಕೊಟ್ಟದ್ದೂ ಆ ಕಲ್ಲೇ. ಬಳಪದ ಕಲ್ಲು ನೆಲದಿಂದ ತೆಗೆದಾಗ ಮೃದುವಾಗಿರುತ್ತದೆ, ಗಾಳಿಗೆ ಒಡ್ಡಿಕೊಂಡಂತೆ ಗಟ್ಟಿಯಾಗುತ್ತದೆ. ಹನ್ನೆರಡನೆಯ ಶತಮಾನದಿಂದ ಗಾಳಿಗೆ ನಿಂತವನ ಮನಸ್ಸು ಹೇಗಿದ್ದೀತು ಎಂದು ಯೋಚಿಸಿದರೆ ಸಾಕಿತ್ತು.

ಒಂದೇ ನಿಯಮ ಹಾಕಿಕೊಂಡೆ: ಗಾಳಿ ಒಣಗಿದ್ದಾಗ ಅವನು ಮನುಷ್ಯ, ತೇವ ಏರಿದರೆ ಮಕರ. ಹಾಗಾಗಿ ಮಳೆಗಾಲವಿಡೀ ಅವನ ಕೊಠಡಿಯ ಬಾಗಿಲು ತೆರೆಯುವುದಿಲ್ಲ. ಅನುಮಾನವೂ ಕೆಲಸದೊಳಗಿಂದಲೇ ಹುಟ್ಟಬೇಕಿತ್ತು. ಪಾರ್ಚ್‌ಮೆಂಟ್ ಕಾಫಿಯ, ಅಂದರೆ ಹಣ್ಣಿನ ತಿರುಳು ತೆಗೆದು ಒಳಸಿಪ್ಪೆ ಸಹಿತ ಒಣಗಿಸುವ ಬೀಜದ, ತೇವಾಂಶ ಶೇ. 10ರ ಆಸುಪಾಸಿಗೆ ಇಳಿಯಬೇಕು. ಅವನು ಮೂಟೆಗೆ ಕೈ ಹಾಕಿ, ‘ಹನ್ನೊಂದೂವರೆ, ಇನ್ನೂ ಒಣಗಲಿ’ ಎನ್ನುತ್ತಾನೆ. ಮಾಪಕವೂ ಅದನ್ನೇ ತೋರಿಸುತ್ತದೆ. ಬಳಿಕ ಅವಳಿಗೆ ಹಳೆಯ ಲೆಡ್ಜರುಗಳು ಸಿಗುತ್ತವೆ. 1942ರ ಕಾಯ್ದೆಯ ನಂತರ ಬೆಳೆಗಾರರು ಬೆಳೆಯನ್ನು ಕಾಫಿ ಮಂಡಳಿಯ ಸಾಮೂಹಿಕ ಸಂಗ್ರಹವಾದ ಪೂಲ್‌ಗೆ ಒಪ್ಪಿಸುತ್ತಿದ್ದ ಕಾಲದ ಪುಟಗಳಲ್ಲೂ ಅದೇ ಕೈಬರಹ, ಅದೇ ಸಹಿ. ಈ ಅಧ್ಯಾಯ ನನಗೆ ಅತ್ಯಂತ ಪ್ರಿಯ. ಲೆಕ್ಕ ಬಲ್ಲ ಹೆಣ್ಣು ರಹಸ್ಯವನ್ನು ಲೆಕ್ಕದಿಂದಲೇ ಹಿಡಿಯುತ್ತಾಳೆ.

ಮಾರ್ಚ್‌ನಲ್ಲಿ ಹೂಮಳೆ ಇದ್ದಕ್ಕಿದ್ದಂತೆ ಸುರಿದಾಗ ಅವನು ಒಣಗುವ ಕಣದ ನಡುವೆ ಸಿಕ್ಕಿಬೀಳುತ್ತಾನೆ. ಸೊಂಡಿಲು ಕಾಣಿಸುತ್ತದೆ, ಅವಳು ನೋಡುತ್ತಾಳೆ. ಮಳೆ ಬಿದ್ದು ಎಂಟು ಹತ್ತು ದಿನಕ್ಕೆ ತೋಟಗಳು ಬೆಳ್ಳಗೆ ಅರಳುತ್ತವೆ. ಆ ಬಿಡುವನ್ನು ಪೂರ್ತಿ ಅವಳ ಆಲೋಚನೆಗೆ ಕೊಟ್ಟೆ. ಆಗ ಅವನು ಒಂದು ಮಾತೂ ಆಡುವುದಿಲ್ಲ.

ಕುರ್ಚಿಯ ಪ್ರಶ್ನೆಯನ್ನು ಬಿಡಿಸಿದ್ದು ಕಚೇರಿಯ ಹಿರಿಯ ಸಹೋದ್ಯೋಗಿಯ ಪಾತ್ರ. 2013ರ ಕಾಯ್ದೆಯಂತೆ ಹತ್ತು ಅಥವಾ ಹೆಚ್ಚು ಮಂದಿ ದುಡಿಯುವಲ್ಲಿ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ ಇರಬೇಕು, ಅದರ ಅಧ್ಯಕ್ಷತೆ ಮಹಿಳೆಯದೇ ಆಗಬೇಕು. ಆ ಸ್ಥಾನದಲ್ಲಿರುವ ಆಕೆ ಅವಳನ್ನು ಕೂರಿಸಿಕೊಂಡು, ‘ಇಷ್ಟವೇನಮ್ಮ, ಹೆದರಿಕೆಯೇನಮ್ಮ? ನನ್ನ ಮುಂದೆ ಹೇಳು’ ಎಂದು ಕೇಳುತ್ತಾಳೆ. ಪ್ರೇಮಕಥೆಯಲ್ಲಿ ಇದು ಶುಷ್ಕವಾಗುತ್ತದೆ ಎಂದವರಿದ್ದರು. ನನಗೆ ಇಡೀ ಕಥೆಯ ಬೆಚ್ಚಗಿನ ಸಂಭಾಷಣೆ ಇದೇ. ಅವಳು ಹಾಸನದಲ್ಲಿ ಬೇರೆ ಕೆಲಸ ಹಿಡಿಯುತ್ತಾಳೆ. ಅವನು ರಾಜೀನಾಮೆಗೆ ತಕರಾರಿಲ್ಲದೆ ಸಹಿ ಹಾಕುತ್ತಾನೆ, ಬಾಕಿ ಹಣ ಪೈಸೆ ಸಹಿತ ಚುಕ್ತಾ ಆಗುತ್ತದೆ. ಆಮೇಲೆ ಒಂದು ಭಾನುವಾರ ಅವಳೇ ಬೇಲೂರಿನ ಮೇಲೆ ಬರುವ ಬಸ್ ಹತ್ತಿ ಬಂದು ಮನಸ್ಸು ಹೇಳಿಕೊಳ್ಳುತ್ತಾಳೆ. ಅದಕ್ಕೂ ಮೊದಲು ಪ್ರೀತಿಯ ಒಂದು ಸಾಲನ್ನೂ ಅವನ ಬಾಯಲ್ಲಿ ಇಟ್ಟಿಲ್ಲ.

ಕೊನೆಗೆ ಅವನನ್ನು ಸುಂದರ ಪುರುಷನಾಗಿ ಬದಲಿಸಿ ಎಂದು ಕೆಲವರು ಕೇಳಿದರು. ನಾನು ಒಪ್ಪಲಿಲ್ಲ. ಅವಳು ಸೊಂಡಿಲನ್ನು ನೋಡಿಯೇ ಹೂಂ ಎಂದವಳು. ಈಗ ಎರಡನೆಯ ಭಾಗ ಬರೆಯುತ್ತಿದ್ದೇನೆ, ಅದು ಜೂನ್‌ನ ಮಳೆಯಲ್ಲಿ ಶುರುವಾಗುತ್ತದೆ. ಹಾಸನದ ಬಾಡಿಗೆ ಮನೆಯ ಒಡತಿಗೆ ಅವನನ್ನು ಯಾರೆಂದು ಪರಿಚಯಿಸುವುದು ಎಂಬುದೇ ಮೊದಲ ಅಧ್ಯಾಯ.